ಮಾತಿಲ್ಲದ ಐವತ್ತು ಸೆಕೆಂಡು

ಜನವರಿ 6

ಪ್ರೀತಿಯ ಭಾಮೈದನಿಗೆ,

ನಾಲ್ಕು ವರ್ಷದಿಂದ ನೀನು ನನ್ನ ಫೋನು ಎತ್ತಿಲ್ಲ, ಮೊಬೈಲಿಗೆ ಕಳಿಸಿದ ಸಂದೇಶ ತೆರೆದಿಲ್ಲ. ಅದಕ್ಕೇ ಈ ಕಾಗದ. ಕಾಗದದ ಒಂದು ಗುಣವೆಂದರೆ ಹರಿದು ಹಾಕುವುದಕ್ಕಾದರೂ ಅದನ್ನು ಕೈಗೆ ತೆಗೆದುಕೊಳ್ಳಬೇಕು. ಕೈಗೆ ಬಂದದ್ದನ್ನು ಕಣ್ಣು ಸುಮ್ಮನೆ ಬಿಡುವುದಿಲ್ಲ. ಎತ್ತರಕ್ಕೆ ಹತ್ತಿಸುವ ಲಿಫ್ಟು ರಿಪೇರಿ ಮಾಡುವವನು ಉತ್ತರಕ್ಕೆ ಇಳಿದು ಬರುತ್ತಾನೋ ಇಲ್ಲವೋ ನೋಡೋಣ.

ಸುದ್ದಿ ಇಷ್ಟೇ. ನನ್ನ ಗಂಟಲಲ್ಲಿ ಗಂಟು. 'ಗಂಟಲೆಂದ ಮೇಲೆ ಗಂಟು ಇರಲೇಬೇಕಲ್ಲ ಡಾಕ್ಟ್ರೇ' ಎಂದೆ. ಅವರು ನಗಲಿಲ್ಲ. ಡಾಕ್ಟರು ನಗಲಿಲ್ಲವೆಂದರೆ ವಿಷಯ ಗಂಭೀರ ಎಂದು ಆಗಲೇ ಗೊತ್ತಾಯಿತು. ಕೆಟ್ಟ ಗಂಟು. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ನನ್ನ ಮೈಯ ಸಕ್ಕರೆ ಮೊದಲು ಇಳಿಯಬೇಕು, ಆಮೇಲೆ ಕತ್ತರಿ. ಫೆಬ್ರವರಿ 20 ಎಂದು ಗೊತ್ತು ಮಾಡಿದ್ದಾರೆ. ಮೂವತ್ತು ವರ್ಷ ಕಾಲೇಜಿನ ಮಕ್ಕಳಿಗೆ ಭೌತಶಾಸ್ತ್ರ ಕಂಠಪಾಠ ಮಾಡಿಸಿದವನಿಗೆ ಈಗ ಕಂಠವೇ ಪಾಠ ಕಲಿಸುತ್ತಿದೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಫೆಬ್ರವರಿಯಿಂದ ನಾನು ಶ್ರೀಮಂತ.

ನಿನ್ನಕ್ಕ ಕೇಳಿಸಿಕೊಂಡು, 'ಮೂವತ್ತೈದು ವರ್ಷ ದೇವರನ್ನ ಬೇಡ್ಕೊಂಡೆ, ಇವರ ಬಾಯಿ ಒಂದು ಗಳಿಗೆ ಮುಚ್ಚಪ್ಪಾ ಅಂತ. ಅಷ್ಟು ಜೋರಾಗಿ ಬೇಡ್ಕೋಬಾರದಿತ್ತು' ಎಂದಳು. ಎಂದವಳೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರಿನ ಸದ್ದು ಬಹಳ ಹೊತ್ತು ಬಂತು. ಬಕೆಟ್ ಇಟ್ಟ ಸದ್ದು ಬರಲಿಲ್ಲ.

ಈಗ ಕೆಲಸದ ಮಾತು. ಧ್ವನಿ ಹೋದ ಮೇಲೂ ರೇಡಿಯೋ ಬಿಡಲಾರೆ. ಇಪ್ಪತ್ತೆರಡು ವರ್ಷ ಪ್ರತಿ ಸಂಜೆ ಏಳಕ್ಕೆ ನಮ್ಮ ಹ್ಯಾಮ್ ರೇಡಿಯೋ ಹವ್ಯಾಸಿಗಳ ಸಭೆಯನ್ನು ಗಾಳಿಯಲ್ಲಿ ನಡೆಸಿದವನು ನಾನು. ಇನ್ನು ಬೆರಳಿಂದ ಮಾತಾಡಬೇಕು. ಅಂದರೆ ನಿನ್ನ ಪ್ಯಾಕೆಟ್ ರೇಡಿಯೋ. ಟೈಪ್ ಮಾಡಿದ್ದನ್ನು ಕಂಪ್ಯೂಟರು ತುಂಡು ತುಂಡು ಮಾಡಿ ಕೀಚಲು ಸದ್ದಾಗಿಸಿ ಕಳಿಸುತ್ತದೆ, ಆ ಕಡೆಯ ಕಂಪ್ಯೂಟರು ಪ್ರತಿ ತುಂಡಿಗೂ 'ಸಿಕ್ಕಿತು' ಅನ್ನುತ್ತದೆ ಎಂಬಲ್ಲಿಗೆ ನನ್ನ ಜ್ಞಾನ ಮುಗಿಯಿತು. ಕಾಲೇಜು ಬಿಸಾಡಿದ ಒಂದು ಕಂಪ್ಯೂಟರನ್ನು ಮನೆಗೆ ತಂದಿದ್ದೇನೆ. ಲಿನಕ್ಸ್ ಹಾಕಿದ್ದಾರೆ. ನಿವೃತ್ತನಿಗೆ ನಿವೃತ್ತ ಜೋಡಿ. ಮುಂದೇನು ಎಂದು ಹೇಳಿಕೊಡುವವನು ನಮ್ಮಲ್ಲಿ ನೀನೊಬ್ಬನೇ.

ಬೇರೆ ಮಾತು ಈ ಕಾಗದದಲ್ಲಿ ಬೇಡ. ಬೇರೆ ಮಾತು ಇಲ್ಲವೆಂದಲ್ಲ.

ಇಂತಿ, ಇನ್ನೂ ಆರು ವಾರ ವಾಚಾಳಿಯಾಗಿರುವ
ನಿನ್ನ ಭಾವ


ಜನವರಿ 14

ಭಾವನವರಿಗೆ,

ಕಾಗದ ಸಿಕ್ಕಿತು.

ಮೋಡೆಮ್ ಪೆಟ್ಟಿಗೆ ಕೊಳ್ಳಬೇಡಿ. ಮೊದಲು ಬೇಕಿತ್ತು. ಈಗ ಆ ಕೆಲಸವನ್ನು ಒಂದು ಪ್ರೋಗ್ರಾಂ ಮಾಡುತ್ತದೆ, ಕಂಪ್ಯೂಟರಿನ ಸೌಂಡ್ ಕಾರ್ಡನ್ನೇ ಬಳಸಿಕೊಂಡು. ಯಾವ ಆಜ್ಞೆ ಟೈಪ್ ಮಾಡಬೇಕೆಂದು ಇನ್ನೊಂದು ಹಾಳೆಯಲ್ಲಿ ಬರೆದಿದ್ದೇನೆ. ಹಾಗೆಯೇ ಟೈಪ್ ಮಾಡಿ. ಸ್ವಂತ ಬುದ್ಧಿ ಸೇರಿಸಬೇಡಿ.

ಸೆಟ್ಟಿಂಗಿನ ಕಡತದಲ್ಲಿ ಹೆಸರಲ್ಲ, ನಿಮ್ಮ ಲೈಸೆನ್ಸಿನ ಕಾಲ್‌ಸೈನ್ ಹಾಕಿ. ನಾನು ಉದಾಹರಣೆಗೆ ನನ್ನದು ಬರೆದಿದ್ದೇನೆ, ಅದನ್ನೇ ಇಳಿಸಬೇಡಿ. ಇಬ್ಬರಿಗೂ ಒಂದೇ ಕಾಲ್‌ಸೈನ್ ಇದ್ದರೆ ನೀವು ಕಳಿಸಿದ್ದನ್ನು ನನ್ನ ಯಂತ್ರ ತನ್ನದೇ ಮಾತು ಅಂದುಕೊಳ್ಳುತ್ತದೆ.

ರೇಡಿಯೋಗೂ ಕಂಪ್ಯೂಟರಿಗೂ ಮೂರು ತಂತಿ. ಒಂದು ಕೇಳುವುದಕ್ಕೆ, ಒಂದು ಹೇಳುವುದಕ್ಕೆ, ಮೂರನೆಯದು ಗುಂಡಿ ಒತ್ತುವುದಕ್ಕೆ. ಮಾತಾಡುವಾಗ ನೀವು ಮೈಕಿನ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತುತ್ತೀರಿ. ಕಂಪ್ಯೂಟರಿಗೆ ಹೆಬ್ಬೆರಳಿಲ್ಲ.

ಅಕ್ಕನಿಗೆ ಗಂಟುನೋವಿನ ಮಾತ್ರೆ ತಪ್ಪದೆ ತಗೊಳ್ಳಲು ಹೇಳಿ.

ಇಂತಿ,
ನಿಮ್ಮ ಹೆಂಡತಿಯ ತಮ್ಮ


ಜನವರಿ 22

ನನ್ನ ಹೆಂಡತಿಯ ತಮ್ಮನಿಗೆ, ಅವನ ಅಕ್ಕನ ಗಂಡ ಮಾಡುವ ಆಶೀರ್ವಾದಗಳು.

ನೀನು ಬರೆದದ್ದು ಒಂದೂವರೆ ಪುಟ, ಅದರಲ್ಲಿ ಒಂದು ಪುಟ ಆಜ್ಞೆಗಳು. ನಿನ್ನಕ್ಕನನ್ನು ಮದುವೆಯಾದ ದಿನದಿಂದ ಆಜ್ಞೆಗಳ ಪ್ರಕಾರ ನಡೆದು ಅಭ್ಯಾಸವಿದೆ, ಕಷ್ಟವಾಗಲಿಲ್ಲ. ಮಾತ್ರೆಯ ವಿಷಯ ಓದಿ ಹೇಳಿದೆ. 'ಅವನು ಬರೆದನಾ? ನನಗೆ ಅಂತಾನೇ ಬರೆದನಾ?' ಎಂದು ಆ ಸಾಲನ್ನು ಎರಡು ಸಲ ಓದಿಸಿಕೊಂಡಳು. ಮಾತ್ರೆ ಮಾತ್ರ ನುಂಗಲಿಲ್ಲ.

ಯಂತ್ರ ಕೇಳುತ್ತಿದೆ! ನಿನ್ನೆ ಸಂಜೆ ಪರದೆಯ ಮೇಲೆ ತಾನಾಗಿಯೇ ಒಂದು ಸಾಲು ಮೂಡಿತು. ಗುಡ್ಡದ ಮೇಲಿನ ಸ್ಟೇಷನ್ 'ನಾನಿಲ್ಲಿದ್ದೇನೆ' ಎಂದು ಹತ್ತು ನಿಮಿಷಕ್ಕೊಮ್ಮೆ ಕೂಗುತ್ತದಲ್ಲ, ಅದು. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ, ರಾಷ್ಟ್ರಗೀತೆ ಕೇಳಿದವನ ಹಾಗೆ.

ಆದರೆ ಹೇಳುತ್ತಿಲ್ಲ. ನಾನು ಟೈಪ್ ಮಾಡಿದರೆ, ರೇಡಿಯೋದ ಗುಂಡಿ ಒತ್ತಲು ನಿಮಗೆ ಅನುಮತಿಯಿಲ್ಲ ಎನ್ನುತ್ತದೆ. ನನ್ನ ಮನೆ, ನನ್ನ ಮೇಜು, ನನ್ನ ರೇಡಿಯೋ. ನನಗೇ ಅನುಮತಿಯಿಲ್ಲ! ಸದ್ದು ಸಾಲದೇನೋ ಎಂದು ಧ್ವನಿಯ ಮಟ್ಟವನ್ನು ಪೂರ್ತಿ ಏರಿಸಿದೆ. ಈಗ ಗುಡ್ಡದವರ ಸಾಲೂ ಬರುತ್ತಿಲ್ಲ.

ಇನ್ನೊಂದು ವಿಷಯ. ಫೆಬ್ರವರಿ 18, ಸಂಜೆ ಏಳಕ್ಕೆ, ನಾನು ಧ್ವನಿಯಲ್ಲಿ ನಡೆಸುವ ಕೊನೆಯ ಸಭೆ. ಅವತ್ತಿನ ಎಲ್ಲರೂ ಇರುತ್ತಾರೆ. ನೀನೂ ಬಾ.

ಇಂತಿ, ಅನುಮತಿರಹಿತ
ಭಾವ


ಜನವರಿ 31

ಭಾವನವರಿಗೆ,

ಲಿನಕ್ಸಿನಲ್ಲಿ ಯಾರು ಏನನ್ನು ಮುಟ್ಟಬಹುದು ಎಂಬುದಕ್ಕೆ ಗುಂಪುಗಳಿವೆ. ಗುಂಡಿ ಒತ್ತುವ ತಂತಿಯನ್ನು ಮುಟ್ಟಲು ಡಯಲೌಟ್ ಎಂಬ ಗುಂಪಿನಲ್ಲಿ ನಿಮ್ಮ ಹೆಸರಿರಬೇಕು. ಆಜ್ಞೆ ಕೆಳಗಿದೆ. ಟೈಪ್ ಮಾಡಿದರೆ ಸಾಲದು, ಒಮ್ಮೆ ಲಾಗೌಟ್ ಆಗಿ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು. ಅಲ್ಲಿಯವರೆಗೆ ನೀವು ಗುಂಪಿಗೆ ಸೇರಿದ್ದು ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಸದ್ದು ಇಳಿಸಿ. ಪ್ರೋಗ್ರಾಂ ಪ್ರತಿ ಸಾಲಿನ ಪಕ್ಕ ಒಂದು ಅಂಕಿ ತೋರಿಸುತ್ತದೆ, ಐವತ್ತರ ಆಸುಪಾಸು ಇರಲಿ. ಜೋರು ಮಾಡಿದರೆ ಚೆನ್ನಾಗಿ ಕೇಳಿಸುತ್ತದೆ ಅಂದುಕೊಳ್ಳುತ್ತಾರೆ. ಜೋರು ಮಾಡಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಆ ಕಡೆಗೆ ಏನೂ ಅರ್ಥವಾಗುವುದಿಲ್ಲ.

ಎರಡು ಮಹಡಿಗಳ ನಡುವೆ ಲಿಫ್ಟು ನಿಂತಾಗ ಒಳಗೆ ಸಿಕ್ಕಿಕೊಂಡವರಲ್ಲಿ ಒಬ್ಬರು ಜೋಕು ಹೇಳಲು ಶುರು ಮಾಡೇ ಮಾಡುತ್ತಾರೆ. ಉಳಿದವರು ನಗುತ್ತಾರೆ. ಮೇಲೆ ಕೂತ ನನಗೆ ಮೋಟಾರಿನ ಸದ್ದು ಕೇಳಿಸುವುದಿಲ್ಲ. ಸುಮ್ಮನಿರಿ ಅನ್ನಲು ನನಗೆ ಬಹಳ ಹೊತ್ತು ಹಿಡಿಯುತ್ತದೆ, ನಿಮಗೆ ಗೊತ್ತು. ಅದಕ್ಕೇ ಕಬ್ಬಿಣದ ಮೇಲೆ ಸ್ಪ್ಯಾನರಿಂದ ಬಡಿಯುತ್ತೇನೆ.

18ಕ್ಕೆ ನಾನು ಧ್ವನಿಗೆ ಬರುವುದಿಲ್ಲ. ಪ್ಯಾಕೆಟ್ ಸರಿಯಾದ ಮೇಲೆ ಬೇಕಾದರೆ ಅದರಲ್ಲಿ ಕರೆಯಿರಿ.

ಇಂತಿ,
ಅಕ್ಕನ ತಮ್ಮ


ಫೆಬ್ರವರಿ 9

ಪ್ರೀತಿಯ ಭಾಮೈದ,

'ನಿಮ್ಮ ಹೆಂಡತಿಯ ತಮ್ಮ' ಈಗ 'ಅಕ್ಕನ ತಮ್ಮ' ಆಗಿದ್ದಾನೆ. ಇದೇ ವೇಗದಲ್ಲಿ ಬಂದರೆ ಇನ್ನು ನಾಲ್ಕು ಕಾಗದಕ್ಕೆ ನನ್ನವರೆಗೆ ಬರಬಹುದು.

ಗುಂಪಿಗೆ ಸೇರಿದೆ. ಶಾಲೆಯಲ್ಲಿ 'ಗುಂಪಿಗೆ ಸೇರದ ಪದ' ಹುಡುಕಿಸುತ್ತಿದ್ದರಲ್ಲ, ಅರವತ್ತೆಂಟನೆಯ ವಯಸ್ಸಿಗೆ ಅದರಿಂದ ಪಾರಾದೆ. ಸದ್ದು ಐವತ್ತಕ್ಕೆ ಇಳಿಸಿದೆ. ನಿನ್ನೆ ಗುಡ್ಡದ ಸ್ಟೇಷನ್ ನೋಡಿಕೊಳ್ಳುವ ಗಡ್ಡದವರಿಗೆ ಒಂದು ಸಾಲು ಕಳಿಸಿದೆ, 'ಸಿಕ್ಕಿತು' ಎಂದು ಅವರ ಯಂತ್ರ ಹೇಳಿತು. ಮನುಷ್ಯರು ಯಾರಾದರೂ ಒಂದೊಂದು ಮಾತಿಗೂ ಹೀಗೆ ಸಿಕ್ಕಿತು, ಸಿಕ್ಕಿತು ಅನ್ನುತ್ತಾರೇನೋ?

ನಿನ್ನ ಲಿಫ್ಟಿನ ಕಥೆ ಸಿಕ್ಕಿತು.

ಇನ್ನು ಆ ಬೇರೆ ಮಾತು. ನಾಲ್ಕು ವರ್ಷದ ಹಿಂದೆ, ಒಂದು ಸಂಜೆ ನನ್ನ ಬದಲು ನೀನು ಸಭೆ ನಡೆಸು ಎಂದು ನಿನ್ನನ್ನು ಒಪ್ಪಿಸಿದವನು ನಾನು. ನೀನು ಮೊದಲ ಹೆಸರು ಕರೆಯುವಾಗಲೇ ತಡವರಿಸಿ ನಿಂತೆ. ಸುಮ್ಮನೆ ಕಾಯಬೇಕಿತ್ತು. ಕಾಯಲಿಲ್ಲ. 'ಈ ಸ್ಟೇಷನ್ ಪ್ಯಾಕೆಟ್ ಪ್ಯಾಕೆಟ್ಟಾಗಿ ಬರ್ತಾ ಇದೆ, ಪೂರ್ತಿ ಬರೋವರೆಗೆ ಎಲ್ಲರೂ ಒಂದು ನಿದ್ದೆ ತೆಗೀಬಹುದು' ಎಂದೆ. ನಲವತ್ತು ಸ್ಟೇಷನ್ನಿನವರು ನಕ್ಕರು. ಭಾವ ಭಾಮೈದನನ್ನು ಆಡಿಕೊಳ್ಳುವುದು ಲೋಕರೂಢಿ ಎಂದು ಆಮೇಲೆ ನಿನ್ನಕ್ಕನ ಮುಂದೆ ವಾದಿಸಿದೆ. ಅವಳು, 'ಮನೆಯೊಳಗೆ ಆಡ್ಕೋಳೋದು ಬೇರೆ, ಬೀದಿಗೆಲ್ಲ ಕೇಳೋ ಹಾಗೆ ಆಡ್ಕೋಳೋದು ಬೇರೆ' ಎಂದಳು. ನಮ್ಮ ಬೀದಿಯೋ, ಮೂರು ಜಿಲ್ಲೆಯಷ್ಟು ಉದ್ದ.

ಈ ಕಾಗದದಲ್ಲಿ ಕ್ಷಮೆ ಕೇಳುವುದಿಲ್ಲ. ಕಾಗದದಲ್ಲಿ ಕೇಳಿದರೆ ಗುಟ್ಟಾಗಿ ಕೇಳಿದ ಹಾಗೆ. ಎಲ್ಲರ ಮುಂದೆ ಮಾಡಿದ್ದನ್ನು ಎಲ್ಲರ ಮುಂದೆ, ಅದೇ ಬಾಯಲ್ಲಿ, ಅದೇ ಧ್ವನಿಯಲ್ಲಿ ಕೇಳಬೇಕು. ಆ ಧ್ವನಿ ಇನ್ನು ಹತ್ತೇ ದಿನ ಇರುತ್ತದೆ. 18ಕ್ಕೆ ನೀನು ಬಾಯಿ ಬಿಡಬೇಕಿಲ್ಲ. ರೇಡಿಯೋ ಹಾಕಿಕೊಂಡು ಕೂತಿರು, ಸಾಕು.

ಇಂತಿ,
ನಿನ್ನ ಭಾವ


ಫೆಬ್ರವರಿ 19, ಆಸ್ಪತ್ರೆಯಿಂದ

ಪ್ರೀತಿಯ ಭಾಮೈದ,

ಕಿಟಕಿಯ ಪಕ್ಕದ ಮಂಚ ಸಿಕ್ಕಿದೆ. ನಿನ್ನಕ್ಕ ಬ್ಯಾಗಿನಿಂದ ತೆಗೆದು ಇಡುವುದು, ಇಟ್ಟದ್ದನ್ನು ಬ್ಯಾಗಿಗೆ ತುಂಬುವುದು, ಇದೇ ಕೆಲಸ ಮಾಡುತ್ತಿದ್ದಾಳೆ. ಬಾಗಿಲು ಸದ್ದಾದರೆ ತಿರುಗಿ ನೋಡುತ್ತಾಳೆ. ನೀನು ಬರಬಹುದೆಂದು ಯಾರು ಹೇಳಿದರೋ ಅವಳಿಗೆ, ನಾನಂತೂ ಹೇಳಿಲ್ಲ.

ನಿನ್ನೆ ಸಭೆ ನಡೆಯಿತು. ಮೂವತ್ತೊಂದು ಸ್ಟೇಷನ್. ಧ್ವನಿ ಕಡೆಕಡೆಗೆ ಹರಿದ ಗೋಣಿಚೀಲದ ಹಾಗಿತ್ತು, ಆದರೂ ನಡೆಸಿದೆ. ಕೊನೆಗೆ ನಿನ್ನ ಕಾಲ್‌ಸೈನ್ ಮೂರು ಸಲ ಕರೆದೆ. ಉತ್ತರ ಬರಲಿಲ್ಲ. ಬೇಕಿಲ್ಲ ಎಂದು ನಾನೇ ಬರೆದಿದ್ದೆನಲ್ಲ. ಇನ್ನೇನು ಶುರು ಮಾಡಬೇಕು, ಯಾರದೋ ಖಾಲಿ ಅಲೆ ಬಂದು ಕೂತಿತು. ನಿನಗೆ ಗೊತ್ತಲ್ಲ ಅದು. ಯಾರೋ ಗುಂಡಿ ಒತ್ತಿದ್ದಾರೆ, ಮಾತಿಲ್ಲ. ರೇಡಿಯೋದ ಗೊರಗೊರ ನಿಂತು ಬರೀ ಮೌನ. ಹತ್ತು ಸೆಕೆಂಡು, ಇಪ್ಪತ್ತು, ಮುಕ್ಕಾಲು ನಿಮಿಷ. ವಾರಕ್ಕೊಬ್ಬರು ಮೈಕನ್ನು ಕುರ್ಚಿಯ ಮೇಲೆ ಬಿಟ್ಟು ಅದರ ಮೇಲೇ ಕೂರುವುದುಂಟು. ಅಲೆ ಸರಿದ ಕೂಡಲೆ ನನ್ನ ನಾಲಿಗೆ ಕೇಳಬೇಕೇ! 'ಯಾರೋ ಮೈಕಿನ ಮೇಲೆ ಕೂತಿದ್ರು. ಭಾರ ನೋಡಿದ್ರೆ ದೊಡ್ಡ ಮನುಷ್ಯರೇ ಇರಬೇಕು. ಸ್ವಾಮಿ, ತಾವು ಬಾಯಿಂದ ಮಾತಾಡಿ, ಕೂರೋ ಕಡೆಯಿಂದ ಬೇಡ' ಎಂದುಬಿಟ್ಟೆ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಒಬ್ಬರಾದ ಮೇಲೊಬ್ಬರು ಗುಂಡಿ ಒತ್ತಿ ನಕ್ಕರು. ಗಡ್ಡದವರು, 'ಸಾರ್, ಈ ಒಂದು ಜೋಕಿಗೆ ನಿಮ್ಮ ಧ್ವನೀನ ಫ್ರೇಮ್ ಹಾಕಿಸ್ಬೇಕು' ಎಂದರು.

ಆ ನಗುವಿನ ಮಧ್ಯೆ ಆ ಮಾತು ಹೇಗೆ ಎತ್ತಲಿ? ಎತ್ತಲಾಗಲಿಲ್ಲ. ಸಮಯವಾಯಿತು, ಎಲ್ಲರಿಗೂ ನಮಸ್ಕಾರ ಹೇಳಿ ಮುಗಿಸಿದೆ. ಇಪ್ಪತ್ತೆರಡು ವರ್ಷ ನನಗೆ ಸಮಯಕ್ಕೆ ಸರಿಯಾಗಿ ಜೋಕು ಹೊಳೆದಿದೆ. ನಿನ್ನೆಯೊಂದು ದಿನ ಹೊಳೆಯಬಾರದಿತ್ತು.

ಪ್ಯಾಕೆಟ್ಟಿನಲ್ಲಿ ಹೇಳುತ್ತೇನೆ. ಮನೆಗೆ ಹೋದ ದಿನವೇ.

ಇಂತಿ,
ಭಾವ


ಮಾರ್ಚ್ 12

ಪ್ರೀತಿಯ ಭಾಮೈದ,

ಬದುಕಿದ್ದೇನೆ. ಕತ್ತಿನ ಮುಂಭಾಗದಲ್ಲಿ ಒಂದು ತೂತಿದೆ, ಅದರಲ್ಲಿ ಉಸಿರಾಡುತ್ತೇನೆ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಅನ್ನುತ್ತಾರೆ. ನನ್ನದರಲ್ಲಿ ಮನೆ ಕೆಡಿಸಿದ್ದು ಹೋಯಿತು, ತೂತು ಉಳಿಯಿತು. ಮನೆಯಲ್ಲಿ ಸ್ಲೇಟು ಹಿಡಿದು ತಿರುಗುತ್ತೇನೆ. ಜೋಕು ಬರೆದು ಮುಗಿಸಿ ತೋರಿಸುವಷ್ಟರಲ್ಲಿ ನಿನ್ನಕ್ಕ ಇನ್ನೊಂದು ಕೋಣೆಯಲ್ಲಿರುತ್ತಾಳೆ. ಜೋಕು ಒರೆಸುತ್ತೇನೆ.

ಮನೆಗೆ ಬಂದು ಒಂದು ವಾರವಾಯಿತು. ದಿನಾ ಸಂಜೆ ನಿನ್ನ ಸ್ಟೇಷನ್ನನ್ನು ಪ್ಯಾಕೆಟ್ಟಿನಲ್ಲಿ ಕರೆಯುತ್ತಿದ್ದೇನೆ. ಯಂತ್ರ ಹತ್ತು ಸಲ ಕರೆದು, ಹತ್ತು ಸಲವೂ ಕಾದು, 'ಸಮಯ ಮೀರಿತು' ಎಂದು ಸುಮ್ಮನಾಗುತ್ತದೆ. ನನ್ನ ತಂತಿ ಸರಿಯಿದೆ, ಗುಡ್ಡದವರು ಉತ್ತರಿಸುತ್ತಾರೆ. ನಿನ್ನ ರೇಡಿಯೋ ಆರಿದೆ.

ಪ್ಯಾಕೆಟ್ಟಿನಲ್ಲಿ ಕರೆಯಿರಿ ಎಂದು ಬರೆದವನು ನೀನೇ. ಆಸ್ಪತ್ರೆಗೂ ಬರಲಿಲ್ಲ. ಹದಿಮೂರು ದಿನ ನಿನ್ನಕ್ಕ ಬಾಗಿಲು ನೋಡಿದಳು. ನನ್ನ ಮೇಲಿನ ಸಿಟ್ಟು ನನ್ನ ಮೇಲಿರಲಿ ಮಾರಾಯ. ಅವಳೇನು ಮಾಡಿದ್ದಳು?

ಇಂತಿ,
ಭಾವ


ಮಾರ್ಚ್ 25

ಭಾವನವರಿಗೆ,

ಅಕ್ಕ ಏನೂ ಮಾಡಿಲ್ಲ. ಅವಳ ಕ್ಷಮೆ ನಾನು ಬೇರೆಯೇ ಕೇಳಿಕೊಳ್ಳುತ್ತೇನೆ.

ಮೈಕಿನ ಮೇಲೆ ಯಾರೂ ಕೂತಿರಲಿಲ್ಲ. ಅದು ನಾನು.

ಅವತ್ತು ಕೆಲಸ ಬೇಗ ಮುಗಿಸಿ ಬಂದು ಆರೂವರೆಗೇ ರೇಡಿಯೋ ಹಾಕಿದ್ದೆ. ನೀವು ಕ್ಷಮೆ ಕೇಳುವುದನ್ನು ಕೇಳಿಸಿಕೊಳ್ಳಲು ಅಲ್ಲ. ಅದು ನನಗೆ ಬೇಕಿರಲಿಲ್ಲ. ನಿಮ್ಮ ಧ್ವನಿ ಕೇಳಿ ಗಾಬರಿಯಾಯಿತು. ಅಷ್ಟು ಹಾಳಾಗಿದೆ ಎಂದು ನೀವು ಕಾಗದದಲ್ಲಿ ಬರೆದಿರಲಿಲ್ಲ. ನೀವು ನನ್ನ ಕಾಲ್‌ಸೈನ್ ಕರೆದಿರಿ. ಮೂರನೆಯ ಸಲಕ್ಕೆ ಗುಂಡಿ ಒತ್ತಿದೆ. ಹೇಳಬೇಕಿದ್ದದ್ದು ಒಂದೇ ಮಾತು. 'ಭಾವ, ನಾಳೆ ಆಸ್ಪತ್ರೆಗೆ ನಾನೂ ಬರ್ತೀನಿ.' ಮಧ್ಯಾಹ್ನದಿಂದ ಲಿಫ್ಟಿನ ಬಾವಿಯೊಳಗೆ ನಿಂತು ಅದನ್ನೇ ಹೇಳಿ ಹೇಳಿ ನೋಡಿದ್ದೆ. ಅಲ್ಲಿ ಸಲೀಸಾಗಿ ಬಂದಿತ್ತು.

ಗುಂಡಿ ಒತ್ತಿದ ಮೇಲೆ ತುಟಿ ಬಿಗಿದುಕೊಂಡಿತು. ಎದುರಿಗೆ ಗಡಿಯಾರವಿತ್ತು. ಐವತ್ತು ಸೆಕೆಂಡು. ಬಿಗಿ ಬಿಡುವ ಮೊದಲು ದವಡೆ ಸಡಿಲವಾಗುತ್ತದೆ, ಅದು ನನಗೆ ಗೊತ್ತಾಗುತ್ತದೆ. ಸಡಿಲವಾಗುತ್ತಿತ್ತು. ಉಸಿರು ತೆಗೆದುಕೊಳ್ಳಲು ಬೆರಳೆತ್ತಿದೆ. ಮತ್ತೆ ಒತ್ತುವವನಿದ್ದೆ. ಅಷ್ಟರಲ್ಲಿ ನೀವು ಮಾತಾಡಿದಿರಿ. ಆಮೇಲೆ ಎಲ್ಲರೂ ನಕ್ಕರು.

ಎರಡು ದಿನಕ್ಕೆ ರಜೆ ಹಾಕಿದ್ದೆ. ಆ ಎರಡು ದಿನ ಅಂಗಿ ಹಾಕಿಕೊಂಡು ಮನೆಯಲ್ಲೇ ಕೂತಿದ್ದೆ.

ನಿಮಗೆ ಗೊತ್ತಿರಲಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದು ಅಂದಿದ್ದರೆ ಸಿಟ್ಟು ಬರುತ್ತಿತ್ತು, ಜಗಳವಾಡಬಹುದಿತ್ತು. ಈಗ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ನಿಮ್ಮ ಧ್ವನಿಯಲ್ಲಿ ನಾನು ಕೊನೆಗೆ ಕೇಳಿದ್ದು ಆ ಮಾತು. ಅದನ್ನು ಬದಲಾಯಿಸಲು ಇನ್ನು ನಿಮಗೂ ಆಗುವುದಿಲ್ಲ.

ತೂತಿನ ಮೇಲೆ ತೆಳುವಾದ ಬಟ್ಟೆ ಇಟ್ಟುಕೊಳ್ಳಿ. ಧೂಳು ಹೋಗಬಾರದು.

ಇಂತಿ,
ನಾನು


ಏಪ್ರಿಲ್ 20

ಭಾಮೈದ,

ನಿನ್ನ ಕಾಗದಕ್ಕೆ ಮೂರು ಸಲ ಉತ್ತರ ಬರೆದೆ. ಮೂರರಲ್ಲೂ ಎಲ್ಲೋ ಒಂದು ಕಡೆ ಚಮತ್ಕಾರ ನುಸುಳಿತ್ತು. ಹರಿದೆ. ಇದು ನಾಲ್ಕನೆಯದು.

ತಪ್ಪಾಯಿತು. ಎರಡು ಸಲವೂ. ನೀನು ಬಾಯಿ ತೆರೆಯಲು ಹೆಣಗುತ್ತಿದ್ದಾಗ ಎರಡು ಸಲವೂ ನಾನು ಕಾಯಲಿಲ್ಲ. ಮೊದಲನೆಯ ಸಲ ನೀನೆಂದು ಗೊತ್ತಿತ್ತು. ಎರಡನೆಯ ಸಲ ಗೊತ್ತಿರಲಿಲ್ಲ. ಆದರೆ ನಿನ್ನ ಹೆಸರನ್ನು ಮೂರು ಸಲ ಕರೆದ ಮರುಗಳಿಗೆಯೇ ಯಾರೋ ಗುಂಡಿ ಒತ್ತಿ ಸುಮ್ಮನಿದ್ದರೆ ಅದು ಯಾರೆಂದು ನನಗೆ ಗೊತ್ತಾಗಬೇಕಿತ್ತು. ಮೂವತ್ತೊಂದು ಜನರಲ್ಲಿ ನನಗೊಬ್ಬನಿಗಾದರೂ ಗೊತ್ತಾಗಬೇಕಿತ್ತು. ಈ ಸಾಲುಗಳನ್ನು ಗಡ್ಡದವರಿಗೆ ಕಳಿಸಿದೆ. ಮೊನ್ನೆಯ ಸಭೆಯಲ್ಲಿ ಅವರು ಎಲ್ಲರ ಮುಂದೆ ಓದಿದರು. ಓದಿದ್ದು ಅವರ ಧ್ವನಿಯಲ್ಲಿ. ಅದಕ್ಕಿಂತ ಹೆಚ್ಚು ಇನ್ನು ನನ್ನ ಕೈಯಲ್ಲಿಲ್ಲ.

ನಿನ್ನ ಕಾಗದವನ್ನು ನಿನ್ನಕ್ಕನಿಗೆ ತೋರಿಸಿದೆ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಊಟದ ತಟ್ಟೆ ಇಟ್ಟು, 'ಅಂಗಿ ಹಾಕ್ಕೊಂಡು ಕೂತಿದ್ನಂತಲ್ಲ' ಎಂದಳು, ಅಷ್ಟೇ.

ಇಷ್ಟರ ಮೇಲೂ ಪ್ರತಿ ಸಂಜೆ ನಿನ್ನನ್ನು ಕರೆಯುವುದು ಬಿಟ್ಟಿರಲಿಲ್ಲ. ಇಂಥದಕ್ಕೆ ನಾಚಿಕೆಯಾಗಬೇಕು, ಆಗುವುದಿಲ್ಲ. ಹತ್ತು ಸಲ ಕರೆ, ಸಮಯ ಮೀರಿತು. ಹೋದ ಮಂಗಳವಾರ ಹಾಗಾಗಲಿಲ್ಲ. ಒಂದೇ ಸಲ ಕರೆದದ್ದು, ಮೂರು ಸೆಕೆಂಡಿಗೆ ಉತ್ತರ ಬಂತು. 'ಸಂಪರ್ಕ ನಿರಾಕರಿಸಲಾಗಿದೆ.' ಏನೋ ಕೆಟ್ಟಿದೆ ಎಂದು ಗಡ್ಡದವರನ್ನು ಕೇಳಿದೆ. ಕೆಟ್ಟಿಲ್ಲವಂತೆ. ಆ ಕಡೆ ರೇಡಿಯೋ ಆರಿದ್ದರೆ ಏನೂ ಬರುವುದಿಲ್ಲ, ಕರೆದು ಕರೆದು ಸಮಯ ಮೀರುತ್ತದೆ. ನಿರಾಕರಣೆ ಬರಬೇಕಾದರೆ ರೇಡಿಯೋ ಹಾಕಿರಬೇಕು, ಕಂಪ್ಯೂಟರ್ ಎದ್ದಿರಬೇಕು, ನನ್ನ ಕರೆ ಅಲ್ಲಿಗೆ ಮುಟ್ಟಿರಬೇಕು. ಬಂದವರನ್ನು ಒಳಗೆ ಬಿಡುವ ಪ್ರೋಗ್ರಾಂ ಒಂದನ್ನು ಮಾತ್ರ ಯಾರೋ ನಿಲ್ಲಿಸಿರುತ್ತಾರಂತೆ. 'ಮರೆತಿರಬಹುದು' ಎಂದರು ಅವರು. ನೀನು ಯಂತ್ರದ ವಿಷಯದಲ್ಲಿ ಮರೆಯುವವನಲ್ಲ.

ನಿನ್ನೆಯೂ ಕರೆದೆ, ನಿರಾಕರಿಸಲಾಗಿದೆ. ನಿನ್ನಕ್ಕ ಹಿಂದೆ ನಿಂತು ಪರದೆ ನೋಡುತ್ತಿದ್ದಳು. ಅವಳಿಗೆ ಆ ಭಾಷೆ ಬರುವುದಿಲ್ಲ. 'ಏನಂತಾನೆ?' ಎಂದಳು. ಸ್ಲೇಟಿನ ಮೇಲೆ 'ಇದ್ದಾನೆ' ಎಂದು ಬರೆದು ತೋರಿಸಿದೆ. ಅವಳು ಸ್ಲೇಟನ್ನು ತೆಗೆದುಕೊಂಡು ಹೋಗಿ ಅಡಿಗೆಮನೆಯಲ್ಲಿ ಇಟ್ಟುಕೊಂಡಿದ್ದಾಳೆ. ಇನ್ನೂ ಒರೆಸಲು ಕೊಟ್ಟಿಲ್ಲ. ಬೆಳಗಿನಿಂದ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಕಾಲ ಹಾಕುತ್ತಿದ್ದೇನೆ.

ಇದಕ್ಕೆ ಉತ್ತರ ಬರೆಯಬೇಡ. ಬಾ ಎಂದೂ ಕರೆಯುವುದಿಲ್ಲ. ದಿನಕ್ಕೊಂದು ಸಲ, ಸಂಜೆ ಏಳಕ್ಕೆ ಕರೆಯುತ್ತೇನೆ. ನೀನು ಬೇಡ ಅನ್ನು. ರೇಡಿಯೋ ಮಾತ್ರ ಆರಿಸಬೇಡ.

ಇಂತಿ,
ಭಾವ